ಗೋಣಿಚೀಲದ ಮೇಲೆ ‘ರ’ ಬಿಡಿಸುವಾಗ

14 ನವೆಂಬರ್ 2024, ಗುರುವಾರ
ಶಿವಮೊಗ್ಗ

ಅಡಿಕೆ ಚೀಲಕ್ಕೆ ಒತ್ತುವ ರಾಶಿ, ಬೆಟ್ಟೆ, ಸರಕು, ಗೊರಬಲು ಈ ನಾಲ್ಕೂ ಅಡಿಕೆ ದರ್ಜೆಗಳ ಹೆಸರಿನ ಸ್ಟೆನ್ಸಿಲ್ ಇವತ್ತು ಹಾಳೆಗೆ ಇಳಿಯಿತು. ಅಕ್ಷರದ ಎತ್ತರ 75 ಮಿ.ಮೀ., ಗೆರೆಯ ದಪ್ಪ 15. ಗೆರೆ ಸಪೂರವಾದರೆ ಗೋಣಿಯ ಒರಟು ನೇಯ್ಗೆ ಅದನ್ನು ನುಂಗುತ್ತದೆ. ಇನ್ನೂ ದಪ್ಪವಾದರೆ ‘ಶಿ’ಯ ಗುಡಿಸಿನೊಳಗೆ ಜಾಗವೇ ಇರುವುದಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ‘ರ’. ಉಂಗುರವನ್ನು ಸುತ್ತ ಪೂರ್ತಿ ಕೊರೆದರೆ ಒಳಗಿನ ಬಿಲ್ಲೆ ಉದುರುತ್ತದೆ, ಅದನ್ನು ಹಿಡಿದಿಡಲು ಕೊಂಡಿ, ಅಂದರೆ ಕೊರೆಯದ ಸಣ್ಣ ಪಟ್ಟಿ, ಬಿಡಲೇಬೇಕು; ಒತ್ತಿದಾಗ ಅಲ್ಲಿ ಬಣ್ಣವಿಲ್ಲದ ಸೀಳು ಉಳಿಯುತ್ತದೆ. ಒಂದೇ ಕೊಂಡಿ ಬಿಟ್ಟರೆ ಬಿಲ್ಲೆ ಬಾಗಿಲಿನ ಹಾಗೆ ಮೇಲೇಳುತ್ತದೆ, ಬಣ್ಣ ಅಡಿಗೆ ನುಗ್ಗುತ್ತದೆ. ಅಂಕಿಗಳಲ್ಲಂತೂ ಇದು ದೊಡ್ಡ ತಪ್ಪು: ಒಂದು ಕಡೆ ಬಾಯಿ ಬಿಟ್ಟ ಸೊನ್ನೆ ನಮ್ಮಲ್ಲಿ ೧ ಆಗಿಬಿಡುತ್ತದೆ. ಲಾಟ್ ನಂಬರ್ ೧೦ ಇದ್ದದ್ದು ೧೧ ಎಂದು ಓದಿಸಿಕೊಂಡರೆ ಮಂಡಿಯ ಲೆಕ್ಕವೇ ಅಡಿಮೇಲು. ಎದುರುಬದುರು ಎರಡು ಕೊಂಡಿ ಬೇಕೇ ಬೇಕು.

ಎಲ್ಲಿ ಬಿಡಬೇಕು ಅನ್ನುವುದಕ್ಕೆ ಇಂಗ್ಲಿಷ್ ಮಾದರಿ ಸಹಾಯಕ್ಕೆ ಬರುವುದಿಲ್ಲ. 1937ರಲ್ಲಿ ಅಮೆರಿಕನ್ ಟೈಪ್ ಫೌಂಡರ್ಸ್ ಎಂಬ ಅಚ್ಚುಮೊಳೆ ಕಂಪನಿಗಾಗಿ ಜೆರ್ರಿ ಪೊವೆಲ್ ರೂಪಿಸಿದ ‘ಸ್ಟೆನ್ಸಿಲ್’ ಫಾಂಟಿನ ‘ಓ’ ಮೇಲೆ, ಕೆಳಗೆ ನೆಟ್ಟಗೆ ಸೀಳಿಕೊಂಡಿದೆ; ಅಲ್ಲಿ ಅದು ಚೆಂದ. ಇಲ್ಲಿ ಹಾಗೆ ಮಾಡಿದರೆ ಮೇಲಿನ ಸೀಳು ತಲೆಕಟ್ಟಿನ ಬುಡಕ್ಕೇ ಬರುತ್ತದೆ, ಕೆಳಗಿನದು ಮಹಾಪ್ರಾಣದ ಜಾಗಕ್ಕೆ. ‘ಬ’ದ ಅಡಿಯಲ್ಲಿ ನಟ್ಟನಡುವೆ ಕೊಂಡಿ ಬಂದರೆ ಹತ್ತು ಅಡಿ ದೂರದಿಂದ ಅದು ‘ಭ’ದ ಹಾಗೆಯೇ ಕಾಣುತ್ತದೆ. ಅದಕ್ಕೇ ‘ರ’ದ ಕೊಂಡಿಗಳನ್ನು ಗಡಿಯಾರದ ಹತ್ತು ಮತ್ತು ನಾಲ್ಕರ ಜಾಗಕ್ಕೆ ಓರೆಯಾಗಿ ಸರಿಸಿದ್ದಾಯಿತು. ಉಂಗುರ ಉಂಗುರವಾಗಿಯೇ ಉಳಿಯಿತು.

ಕೊಂಡಿಯ ಅಗಲ 4.5 ಮಿ.ಮೀ. ಗೋಣಿಯಲ್ಲಿ ಬಣ್ಣ ಎರಡೂ ಕಡೆಯಿಂದ ಒಂದೊಂದು ಮಿ.ಮೀ. ಹರಡಿದರೂ ಎರಡೂವರೆ ಉಳಿಯುತ್ತದೆ. ‘ಟ್ಟೆ’ಯ ಒತ್ತಿನಲ್ಲಿ ಎಚ್ಚರ ಬೇಕು. ಕಂಪ್ಯೂಟರಿನಲ್ಲಿ ಇಡೀ ಅಕ್ಷರವನ್ನು ಶೇಕಡಾ 60ಕ್ಕೆ ಕುಗ್ಗಿಸಿ ಒತ್ತು ಮಾಡಿದರೆ ಕೊಂಡಿಯೂ 2.7ಕ್ಕೆ ಇಳಿಯುತ್ತದೆ, ನಾಲ್ಕು ಚೀಲ ಒತ್ತುವಷ್ಟರಲ್ಲಿ ಹರಿಯುತ್ತದೆ. ಒತ್ತು ಚಿಕ್ಕದಾಗಲಿ, ಕೊಂಡಿ ಚಿಕ್ಕದಾಗಬಾರದು.

ಹಾಳೆ ಹಳೆಯ ಎಕ್ಸ್‌ರೇ ಫಿಲ್ಮ್. ಮೊದಲು ಸಣ್ಣ ಕಿಂಡಿ, ಆಮೇಲೆ ದೊಡ್ಡದು. ತಿರುವುಮುರುವಾದರೆ ಕೊರೆಯುವಾಗಲೇ ಕೊಂಡಿ ಬಳುಕಿ ಬ್ಲೇಡು ಜಾರುತ್ತದೆ. ಮೂಲೆಯಲ್ಲಿ ಗೀರು ಒಂದು ಕೂದಲೆಳೆ ಮುಂದೆ ಹೋದರೂ ಹರಕು ಅಲ್ಲಿಂದಲೇ ಶುರು. ಒಳಮೂಲೆಗಳನ್ನು ಸ್ವಲ್ಪ ದುಂಡಗೆ ಬಿಟ್ಟರೆ ಬಾಳಿಕೆ ಹೆಚ್ಚು.

ಬಣ್ಣ ಗಟ್ಟಿಯಾಗಿರಲಿ. ಗಿಡ್ಡ ಕೂದಲಿನ ಬ್ರಷ್‌ನಿಂದ ನೆಟ್ಟಗೆ ಕುಟ್ಟಬೇಕು, ಎಳೆಯಬಾರದು. ಐದಾರು ಚೀಲಕ್ಕೊಮ್ಮೆ ಹಾಳೆಯ ಅಡಿ ಒರೆಸಬೇಕು. ಮಲೆನಾಡಿನ ಥಂಡಿಗೆ ಚೀಲ ಕೈಗೆ ತಣ್ಣಗೆ ಹತ್ತುತ್ತಿದ್ದರೆ ಬಿಸಿಲಿಗೆ ಹರಡದೆ ಒತ್ತಬೇಡಿ. ಒದ್ದೆ ನಾರಿಗೆ ಬಣ್ಣ ಕಚ್ಚುವುದಿಲ್ಲ.

ಗೊರಬಲು ಹಾಳೆಯಲ್ಲಿ ‘ರ’ಕ್ಕೂ ‘ಬ’ಕ್ಕೂ ನಡುವೆ 6 ಮಿ.ಮೀ. ಮಾತ್ರ ಉಳಿದಿದೆ. ಅದನ್ನು 10ಕ್ಕೆ ಹಿಗ್ಗಿಸಿ ನಾಳೆ ಮತ್ತೆ ಕೊರೆಯಬೇಕು.