ಏರಿ ಹಾಳಾಗುವುದು ಬರಗಾಲದಲ್ಲಿ

ಕೆರೆಯ ಮಣ್ಣಿನ ಕಟ್ಟೆ, ಅಂದರೆ ಏರಿ, ಒಡೆದ ದಿನ ಎಲ್ಲರೂ ಮಳೆಯನ್ನು ಬೈಯುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಏರಿ ಹಾಳಾಗುವುದು ಅದಕ್ಕೂ ಮುಂಚಿನ ಬರದ ವರ್ಷಗಳಲ್ಲಿ. ನೀರಿಲ್ಲದ ಕೆರೆಯ ಏರಿ ಬಿರುಕು ಬಿಡುತ್ತದೆ, ಹೆಗ್ಗಣ ಬಿಲ ತೋಡುತ್ತದೆ. ಬಳ್ಳಾರಿ ಜಾಲಿ ಬೆಳೆಯುತ್ತದೆ. ಅದನ್ನು ಸೌದೆಗೆ ಕಡಿದ ಮೇಲೆ ಬೇರು ಒಳಗೇ ಕೊಳೆತು ಕೊಳವೆಯಂತೆ ಟೊಳ್ಳಾಗುತ್ತದೆ. ತುಂಬಿದ ಕೆರೆಯ ಹೆಚ್ಚಿನ ನೀರು ಹೊರಬೀಳುವ ಕೋಡಿಯಿಂದ ನೀರು ಹೋಗುವ ಹಳ್ಳದಲ್ಲಿ ಯಾರೋ ಟೊಮೆಟೊ ನಾಟಿ ಮಾಡಿರುತ್ತಾರೆ. 2021ರ ನವೆಂಬರ್‌ನಲ್ಲಿ ಸುರಿದಂಥ ಮಳೆ ಬಂದು ಕೆರೆ ತುಂಬಿದಾಗ, ಅಷ್ಟು ವರ್ಷದ ಉದಾಸೀನವೆಲ್ಲ ಒಂದೇ ರಾತ್ರಿಯಲ್ಲಿ ಗೊತ್ತಾಗುತ್ತದೆ.

ನಮ್ಮದು ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಯ ಹಳ್ಳಗಳಿಗೆ ಅಡ್ಡಲಾಗಿ ನಮ್ಮ ಹಿರಿಯರು ಕೆರೆಯ ಕೆಳಗೆ ಕೆರೆ ಕಟ್ಟಿಕೊಂಡು ಬಂದರು. ಮೇಲಿನದರ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಮೇಲಿನದು ಒಡೆದರೆ ಕೆಳಗಿನದಕ್ಕೂ ಆಪತ್ತು. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876ರಿಂದ 78ರವರೆಗೆ, ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನ ಸತ್ತರು. ಅಂಥ ಬರ ಕಂಡ ಸೀಮೆಗೆ ಕೆರೆ ಉಳಿಸಿಕೊಳ್ಳುವುದು ಜೀವ ಉಳಿಸಿಕೊಳ್ಳುವ ಕೆಲಸವೇ ಆಗಿತ್ತು. ಏರಿ ಮೇಲೆ ಓಡಾಡುತ್ತ ಎಲ್ಲಿ ಬಿಲ, ಎಲ್ಲಿ ಕುಸಿತ ಎಂದು ಕಣ್ಣಿಟ್ಟಿರಲು ನೀರುಗಂಟಿ ಇರುತ್ತಿದ್ದ. ಈಗ ಬಹುಪಾಲು ಊರುಗಳಲ್ಲಿ ಆ ಕೆಲಸ ಯಾರದ್ದೂ ಅಲ್ಲ, ನನ್ನ ಪ್ರಕಾರ ನಾವು ಕಳೆದುಕೊಂಡಿದ್ದರಲ್ಲಿ ಅದೇ ದೊಡ್ಡದು.

ಕೆರೆ ತುಂಬಿದ ರಾತ್ರಿ ಮೊದಲು ನೋಡಬೇಕಾದ್ದು ಏರಿಯ ಹೊರಬುಡ, ಹೊಲಕ್ಕೆ ನೀರು ಬಿಡುವ ತೂಬಿನ ಅಕ್ಕಪಕ್ಕ. ಜಿನುಗುವ ನೀರನ್ನು ಸ್ಟೀಲ್ ಚೊಂಬಿನಲ್ಲಿ ಹಿಡಿದು ಹತ್ತು ನಿಮಿಷ ಅಲ್ಲಾಡಿಸದೆ ಇಡಿ, ಆಮೇಲೆ ನಿಧಾನವಾಗಿ ಬಗ್ಗಿಸಿ. ತಳದಲ್ಲಿ ಏನೂ ಇಲ್ಲದಿದ್ದರೆ ಅದು ತಿಳಿನೀರು, ಕಾವಲಿಟ್ಟರೆ ಸಾಕು. ಬೆರಳಿಗೆ ನುಣ್ಣಗಿನ ಮಣ್ಣು ಹತ್ತಿದರೆ ಏರಿಯ ಒಡಲೇ ಕರಗಿ ಹೊರಗೆ ಬರುತ್ತಿದೆ ಎಂದರ್ಥ, ಇನ್ನು ತಡಮಾಡುವಂತಿಲ್ಲ.

ಇಲ್ಲಿ ಎಲ್ಲರೂ ಮಾಡುವ ತಪ್ಪು, ನೀರು ಬರುವ ತೂತಿಗೆ ಹೊರಗಿನಿಂದ ಜೇಡಿಮಣ್ಣು ಮೆತ್ತಿ ಮುಚ್ಚುವುದು. ಒಳಗಿನ ಒತ್ತಡ ಹಾಗೇ ಇರುತ್ತದೆ, ನೀರು ಪಕ್ಕದಲ್ಲಿ ಇನ್ನೊಂದು ದಾರಿ ಮಾಡಿಕೊಳ್ಳುತ್ತದೆ. ತೂತಿನ ಮೇಲೆ ಮೊದಲು ದಪ್ಪ ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ಸೈಜುಗಲ್ಲು ಹಾಕಬೇಕು. ನೀರು ಬರಲಿ, ಮಣ್ಣು ನಿಲ್ಲಲಿ. ನೀರು ಬುಗ್ಗೆಯಂತೆ ಉಕ್ಕುತ್ತಿದ್ದರೆ ಸುತ್ತ ಮೂಟೆಗಳನ್ನು ಬಾವಿಕಟ್ಟೆಯಂತೆ ಜೋಡಿಸಿ. ಒಳಗೆ ನೀರು ನಿಂತಷ್ಟೂ ಒತ್ತಡ ಇಳಿಯುತ್ತದೆ. ಮೂಟೆಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮರಳು ಸಾಕು, ಬಾಯಿ ಕಟ್ಟದೆ ಮಡಚಿ ಕೆಳಗೆ ಹಾಕಿ, ಇಟ್ಟಿಗೆ ವರಸೆಯಂತೆ ಕೀಲು ತಪ್ಪಿಸಿ ತುಳಿಯಿರಿ. ಬಿಗಿಯಾಗಿ ತುಂಬಿದ ಮೂಟೆ ಕಲ್ಲಿನಂತೆ ಉಬ್ಬಿರುತ್ತದೆ, ಸಂದಿಯಲ್ಲೆಲ್ಲ ನೀರು ನುಗ್ಗುತ್ತದೆ. ತೂಬು ಎತ್ತಿ ನೀರು ಇಳಿಸಿ. ಕೋಡಿಯನ್ನು ಜೆಸಿಬಿ ತಂದು ಒಡೆಯುವುದು ಬೇಡವೇ ಬೇಡ, ಕೆಳಗಿನ ಊರಿಗೆ ನೀವೇ ಪ್ರವಾಹ ಕಳಿಸಿದಂತಾಗುತ್ತದೆ. ಆ ಊರಿನವರಿಗೆ ಮೊದಲು ಫೋನ್ ಮಾಡಿ.

ಒಡೆದೇ ಹೋದರೆ, ದುರಸ್ತಿಯ ಕಾಲ ಜನವರಿಯಿಂದ ಮೇ. ಅಚ್ಚುಕಟ್ಟು, ಅಂದರೆ ಕೆರೆ ನೀರುಣ್ಣುವ ಜಮೀನು, 40 ಹೆಕ್ಟೇರಿನಿಂದ 2,000 ಹೆಕ್ಟೇರ್ ಇರುವ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕದು ಪಂಚಾಯಿತಿ ಕಡೆಯದು. ಅರ್ಜಿ ತಪ್ಪು ಕಚೇರಿಗೆ ಹೋದರೆ ಆ ಬೇಸಿಗೆಯೇ ಕೈತಪ್ಪುತ್ತದೆ. ಕೆಲಸ ಯಾರೇ ಮಾಡಲಿ, ಊರಿನವರು ನಿಂತು ನೋಡಬೇಕು. ಒಡೆದ ಬಾಯಿಯ ಎರಡೂ ಕಡೆ ಗೋಡೆಯಂತೆ ನೆಟ್ಟಗಿರುತ್ತದೆ. ಹಾಗೇ ಬಿಟ್ಟು ಮಣ್ಣು ಸುರಿದರೆ ಹಳೇ ಮಣ್ಣಿಗೂ ಹೊಸ ಮಣ್ಣಿಗೂ ನಡುವೆ ಸೀಳು ಉಳಿಯುತ್ತದೆ. ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಕಡಿಯಬೇಕು. ತಳದಲ್ಲಿ ಸಡಿಲ ಮರಳು ತೆಗೆದು ಗಟ್ಟಿನೆಲ ಸಿಗುವವರೆಗೆ ಕಾಲುವೆಯಂತೆ ತೋಡಿ ಜೇಡಿ ಬೆರೆತ ಮಣ್ಣು ತುಂಬಬೇಕು. ಮೇಲಕ್ಕೆ ಒಂದೊಂದು ಪದರವೂ ಮುಕ್ಕಾಲು ಅಡಿ ಮೀರಬಾರದು: ನೀರು ಚಿಮುಕಿಸಿ, ರೋಲರ್ ಓಡಿಸಿ, ಆಮೇಲೆ ಮುಂದಿನ ಪದರ. ಹದ ನೋಡಲು ಒಂದು ಹಿಡಿ ಮಣ್ಣು ಹಿಸುಕಿ. ಉಂಡೆ ನಿಂತು, ಅಂಗೈಗೆ ನೀರು ಹತ್ತದಿದ್ದರೆ ಸರಿ. ಟಿಪ್ಪರ್‌ನಲ್ಲಿ ತಂದು ಒಂದೇ ಸಲ ಗುಡ್ಡೆ ಸುರಿದು, ಜೆಸಿಬಿ ಬಕೆಟ್‌ನಲ್ಲಿ ತಟ್ಟಿದ ಏರಿ ಮುಂದಿನ ಮಳೆಗೆ ಕುಗ್ಗುತ್ತದೆ, ಆ ತಗ್ಗಿನಲ್ಲೇ ನೀರು ಉಕ್ಕುತ್ತದೆ. ಹೊರಮೈಗೆ ಗರಿಕೆ ಹಾಕಿ, ಗಿಡ ನೆಡಬೇಡಿ.

ಹೂಳೆತ್ತುವುದೂ ಇದೇ ಬೇಸಿಗೆಯಲ್ಲಿ. ಏರಿಯ ಬುಡದಲ್ಲಿ ಮಾತ್ರ ತೋಡಬಾರದು, ಕಾಲ ಕೆಳಗಿನ ನೆಲ ತೆಗೆದಂತಾಗುತ್ತದೆ.

ನೀರು ಇಳಿದ ಮೇಲೆ ಕೆಳಗಿನ ಹೊಲದ ಪಾಡು ಬೇರೆ. ಅರ್ಧ ಅಡಿಯೊಳಗಿನ ಮರಳನ್ನು ಆಳವಾಗಿ ಉತ್ತು ಬೆರೆಸಬಹುದು, ಅದಕ್ಕೂ ದಪ್ಪವಿದ್ದರೆ ಕೆರೆದು ತೆಗೆಯಲೇಬೇಕು. ಮೇಲೆ ಕೆರೆಗೋಡು, ಅಂದರೆ ಕೆರೆಯ ಹೂಳು, ಹರಡಿದರೆ ಮಣ್ಣು ಬೇಗ ಚೇತರಿಸಿಕೊಳ್ಳುತ್ತದೆ. ರಾಗಿ ಕೊಯ್ದು ಹೊಲದಲ್ಲೇ ಬಿಟ್ಟಿದ್ದು ನೆನೆದರೆ, ಬೆಳೆ ವಿಮೆ ಮಾಡಿಸಿದವರು 72 ಗಂಟೆಯೊಳಗೆ ತಿಳಿಸಬೇಕು. ಕೊಯ್ಲಾದ 14 ದಿನದೊಳಗಿನ ನಷ್ಟಕ್ಕೆ ಮಾತ್ರ ಅದು ಸಲ್ಲುತ್ತದೆ. ತೆನೆ ತಿರುವಿ ಹಾಕುವ ಮೊದಲು ಫೋಟೋ ತೆಗೆದುಕೊಳ್ಳಿ. ಸರ್ಕಾರದ ಪರಿಹಾರದ ಲೆಕ್ಕವೇ ಬೇರೆ: ನೂರಕ್ಕೆ 33 ಭಾಗವೋ ಅದಕ್ಕಿಂತ ಹೆಚ್ಚೋ ಬೆಳೆ ಹೋಗಿರಬೇಕು. 2022ರಲ್ಲಿ ಬದಲಾಗಿ 2025-26ರವರೆಗೆ ನಿಗದಿಯಾದ ಕೇಂದ್ರದ ದರದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ 2 ಹೆಕ್ಟೇರ್‌ವರೆಗೆ. ಒಂದು ಎಕರೆಗೆ ಮೂರೂವರೆ ಸಾವಿರವೂ ಆಗುವುದಿಲ್ಲ. ಆ ದುಡ್ಡು ಮರಳು ಕೆರೆಯುವ ಖರ್ಚಿಗೂ ಸಾಲದು ಎಂಬುದನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು.

ದುರಸ್ತಿಯಾದ ಏರಿಗೆ ಮೊದಲ ಸಲ ನೀರು ಬಂದಾಗ ಕೆರೆ ಒಮ್ಮೆಲೇ ತುಂಬಲು ಬಿಡಬೇಡಿ, ತೂಬು ಸ್ವಲ್ಪ ತೆರೆದಿಟ್ಟು ನಿಧಾನವಾಗಿ ಏರಿಸಿ. ಹಳೇ ಮಣ್ಣು ಹೊಸ ಮಣ್ಣು ಸೇರುವ ಗೆರೆಯ ಹೊರಬುಡದಲ್ಲಿ ಒದ್ದೆ ಕಲೆ ಕಂಡರೆ, ಅದರ ಅಂಚಿನುದ್ದಕ್ಕೂ ಗೇಣುದ್ದದ ಗೂಟ ಹೊಡೆಯಿರಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ನೋಡಿ. ಕಲೆ ಗೂಟದೊಳಗೇ ಇದ್ದರೆ ತೂಬು ಇಳಿಸಬಹುದು, ಗೂಟ ದಾಟಿದ್ದರೆ ಮೇಲೆತ್ತಿ.