‘ಹೊಂದಿಕೊಳ್ಳುತ್ತಾಳೆ’ ಎಂದು ನಾನು ಬರೆದ ಸಾಲು

ಶಿರಸಿ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಶಿಕ್ಷಕಿ. ಪಾಠ, ಪರೀಕ್ಷೆ, ಉತ್ತರಪತ್ರಿಕೆಗಳ ಜೊತೆಗೆ ಇನ್ನೊಂದು ಕೆಲಸವೂ ಹಲವು ವರ್ಷಗಳಿಂದ ನನ್ನ ಪಾಲಿಗಿದೆ. ನಮ್ಮ ಭಾಗದ ಸೇವಾ ಕ್ಲಬ್ಬು ಒಂದು ವರ್ಷದ ಮಟ್ಟಿಗೆ ಹೊರದೇಶದ ಶಾಲೆಗೆ ಕಳಿಸುವ ಮಕ್ಕಳ ಅರ್ಜಿಯಲ್ಲಿ ಶಾಲೆಯವರು ತುಂಬಬೇಕಾದ ಪುಟಗಳನ್ನು ತುಂಬಿ ಸಹಿ ಮಾಡುವವಳು ನಾನು. ಈ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪಿನಿಂದಾಗಿ ಒಬ್ಬ ಹುಡುಗಿ ಪರದೇಶದಲ್ಲಿ ಮೂರು ವಾರ ಅರೆಹೊಟ್ಟೆಯಲ್ಲಿ ಇರಬೇಕಾಯಿತು. ಇಂಥದೇ ಪುಟಗಳನ್ನು ಮುಂದಿಟ್ಟುಕೊಂಡು ಕುಳಿತಿರುವ ಬೇರೆ ಶಿಕ್ಷಕರಿಗೆ ಉಪಯೋಗವಾದೀತೆಂದು ಅದನ್ನು ಬರೆಯುತ್ತಿದ್ದೇನೆ.

ವ್ಯವಸ್ಥೆಯ ಪರಿಚಯ ಇಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. 1905ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ರೋಟರಿ ಎಂಬ ಸೇವಾ ಸಂಸ್ಥೆ ನಡೆಸುವ ಯುವ ವಿನಿಮಯ ಕಾರ್ಯಕ್ರಮ ಇಂಥವುಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು. ಅದು 15ರಿಂದ 19 ವರ್ಷದವರಿಗೆ ಮೀಸಲು. ನೂರಕ್ಕೂ ಹೆಚ್ಚು ದೇಶಗಳ ಕ್ಲಬ್ಬುಗಳು ಅದರಲ್ಲಿ ಪಾಲ್ಗೊಳ್ಳುತ್ತವೆ. ಪ್ರಾಯೋಜಕತ್ವ ಎಂದ ಕೂಡಲೇ ಎಲ್ಲ ಖರ್ಚೂ ಕ್ಲಬ್ಬಿನದೇ ಎಂದು ಪಾಲಕರು ತಿಳಿಯುತ್ತಾರೆ, ಆದರೆ ಹಾಗಿಲ್ಲ. ವಿಮಾನದ ಟಿಕೆಟ್, ವೀಸಾ, ವಿಮೆ ಇವು ಮನೆಯವರ ಖರ್ಚು. ಅಲ್ಲಿಗೆ ಹೋದ ಮೇಲೆ ಶಾಲೆಯ ಏರ್ಪಾಡು ಮತ್ತು ತಿಂಗಳ ಕೈಖರ್ಚನ್ನು ಆ ಊರಿನ ಕ್ಲಬ್ಬು ನೋಡಿಕೊಳ್ಳುತ್ತದೆ. ಊಟ, ವಸತಿಯನ್ನು ಅಲ್ಲಿನ ಕುಟುಂಬಗಳು ತಮ್ಮ ಮನೆಯ ಮಗುವಿಗೆಂಬಂತೆ ಕೊಡುತ್ತವೆ. ವರ್ಷದಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಇರಬೇಕಾಗುತ್ತದೆ. ಇಲ್ಲಿಂದ ಮಕ್ಕಳು ಹೋದ ಹಾಗೆ ಅಲ್ಲಿಂದಲೂ ಮಕ್ಕಳು ಬಂದು ನಮ್ಮವರ ಮನೆಗಳಲ್ಲಿ ಇರುತ್ತಾರೆ. ನಮ್ಮ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಮುಗಿದ ನಂತರದ ವರ್ಷ ಅನುಕೂಲ, ಏಕೆಂದರೆ ಮೇ ತಿಂಗಳಲ್ಲಿ ಫಲಿತಾಂಶ ಬಂದರೆ ಆಗಸ್ಟ್‌ನಲ್ಲಿ ಯುರೋಪಿನ ಶಾಲೆ ಶುರುವಾಗುತ್ತದೆ, ಮರು ಜೂನ್ ಕೊನೆಗೆ ಮನೆಗೆ ಬಂದುಬಿಡಬಹುದು. ಆದರೆ ಆ ವರ್ಷ ಪಿಯುಸಿಯ ಲೆಕ್ಕಕ್ಕೆ ಬರುವುದಿಲ್ಲ, ಮರಳಿದ ಮೇಲೆ ಮೊದಲ ಪಿಯುಸಿಗೇ ಸೇರಬೇಕು. ಇದನ್ನು ನಾನು ಪಾಲಕರಿಗೆ ಮೊದಲ ದಿನವೇ ಹೇಳಿಬಿಡುತ್ತೇನೆ.

ಅರ್ಜಿ ಎಂದರೆ ಒಂದು ಕಟ್ಟು ಕಾಗದ. ಮಗು ತಾನೇ ಆತಿಥೇಯ ಕುಟುಂಬಕ್ಕೆ ಬರೆದ ಪತ್ರ, ತಂದೆತಾಯಿಯ ಪತ್ರ, ಮನೆಯ ಫೋಟೋಗಳು, ವೈದ್ಯರ ತಪಾಸಣೆಯ ವರದಿ, ಹಲ್ಲಿನ ವೈದ್ಯರ ವರದಿ, ಅಂಕಪಟ್ಟಿ, ಕೊನೆಯಲ್ಲಿ ಶಾಲೆಯವರ ಅಭಿಪ್ರಾಯ. ಇವುಗಳಲ್ಲಿ ಹೆಸರಿನ ಕಾಗುಣಿತ ಹೊಂದಿಸುವುದಕ್ಕೇ ನಮ್ಮಲ್ಲಿ ವಾರಗಟ್ಟಲೆ ಹಿಡಿಯುತ್ತದೆ. ಹೆಗಡೆ ಎಂಬ ಒಂದೇ ಅಡ್ಡಹೆಸರು ಜನನ ಪ್ರಮಾಣಪತ್ರದಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇದ್ದು, ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ವಾಪಸು ಬಂದ ಮಕ್ಕಳನ್ನು ಕಂಡಿದ್ದೇನೆ. ಅಂಥ ತಪ್ಪುಗಳನ್ನು ತಿದ್ದಲು ಕಚೇರಿಗಳಿವೆ. ನಾನು ಮಾಡಿದ ತಪ್ಪು ಯಾವ ಕಚೇರಿಯ ಕಣ್ಣಿಗೂ ಬೀಳುವಂಥದಾಗಿರಲಿಲ್ಲ.

ಆ ಹುಡುಗಿ ತೋಟದ ಮನೆಯವಳು. ಎಂಟನೆಯ ತರಗತಿಯಿಂದ ನನ್ನ ವಿದ್ಯಾರ್ಥಿನಿ, ಓದಿನಲ್ಲಿ ಮುಂದು, ಮಾತಿನಲ್ಲಿ ವಿನಯ. ಆಹಾರದ ಅಂಕಣದಲ್ಲಿ ಅವಳು ಮೊದಲು ಸರಿಯಾಗಿಯೇ ಬರೆದಿದ್ದಳು: ತಾನು ಮೀನು, ಮಾಂಸ, ಮೊಟ್ಟೆ ಮುಟ್ಟುವುದಿಲ್ಲ ಎಂದು. ಅದನ್ನು ಓದಿ ನನಗೆ ಅಳುಕಾಯಿತು. ಇಷ್ಟೆಲ್ಲ ಬೇಡಗಳಿದ್ದರೆ ಯಾವ ಮನೆಯವರು ಒಪ್ಪಿಯಾರು ಎಂದುಕೊಂಡು, ‘ಸಸ್ಯಾಹಾರ ಇಷ್ಟ, ಆದರೆ ಎಲ್ಲದಕ್ಕೂ ಹೊಂದಿಕೊಳ್ಳುತ್ತೇನೆ’ ಎಂದು ತಿದ್ದಿಸಿದೆ. ಶಾಲೆಯ ಪುಟದಲ್ಲಿ, ಕಷ್ಟ ಬಂದಾಗ ವಿದ್ಯಾರ್ಥಿ ಹೇಗೆ ನಡೆದುಕೊಳ್ಳುತ್ತಾರೆ ಎಂಬ ಪ್ರಶ್ನೆಗೆ, ‘ಯಾವ ಪರಿಸ್ಥಿತಿಗೂ ಬೇಗ ಹೊಂದಿಕೊಳ್ಳುತ್ತಾಳೆ’ ಎಂದು ನಾನೇ ನನ್ನ ಕೈಯಾರೆ ಬರೆದೆ. ನಿಜ ಸಂಗತಿ ನನಗೆ ಗೊತ್ತಿತ್ತು. ನೋವಾದರೆ ಅವಳು ಮಾತನ್ನೇ ನಿಲ್ಲಿಸುತ್ತಿದ್ದಳು. ಒಂಬತ್ತನೆಯ ತರಗತಿಯ ಕ್ರೀಡಾಕೂಟದಲ್ಲಿ ಜ್ವರ ಹೊತ್ತುಕೊಂಡೇ ಎರಡು ದಿನ ಬಿಸಿಲಲ್ಲಿ ಕುಳಿತಿದ್ದಳು. ಹಣೆ ಮುಟ್ಟಿ ನೋಡಿದವಳು ನಾನೇ. ಆದರೂ ಬರೆಯಲಿಲ್ಲ. ಹೊಗಳಿ ಬರೆಯುವುದೇ ಮಗುವಿಗೆ ಮಾಡುವ ಉಪಕಾರ ಎಂದು ನಂಬಿದ್ದೆ.

ಅವಳಿಗೆ ಡೆನ್ಮಾರ್ಕಿನ ಒಂದು ಸಣ್ಣ ಊರು ಸಿಕ್ಕಿತು. ಅಲ್ಲಿಯ ಮಕ್ಕಳು ಶಾಲೆಗೆ ಒಯ್ಯುವ ಮಧ್ಯಾಹ್ನದ ಬುತ್ತಿಯೆಂದರೆ ಹೆಚ್ಚಾಗಿ ರೈ ಧಾನ್ಯದ ಕಪ್ಪು ಬ್ರೆಡ್ಡಿನ ಚೂರುಗಳು. ಮೇಲೆ ಬೆಣ್ಣೆಯಂತೆ ಸವರುವ, ಹಂದಿಯ ಯಕೃತ್ತಿನಿಂದ ಮಾಡಿದ ಕಂದು ಬಣ್ಣದ ಪದಾರ್ಥ. ಮನೆಯ ತಾಯಿ ದಿನವೂ ಬೆಳಿಗ್ಗೆ ಎದ್ದು ಅದನ್ನು ಕಾಗದದಲ್ಲಿ ಅಚ್ಚುಕಟ್ಟಾಗಿ ಸುತ್ತಿ ಕೊಡುತ್ತಿದ್ದರು. ಈ ಹುಡುಗಿ ಧನ್ಯವಾದ ಹೇಳಿ ತೆಗೆದುಕೊಳ್ಳುತ್ತಿದ್ದಳು. ಮೂರನೆಯ ವಾರದಲ್ಲಿ ಕೋಣೆಯಿಂದ ವಾಸನೆ ಬರುತ್ತಿದೆಯೆಂದು ಆ ತಾಯಿ ಅವಳ ಚೀಲ ತೆಗೆದು ನೋಡಿದಾಗ ಅದರ ತಳದಲ್ಲಿ ಏಳು ಪೊಟ್ಟಣಗಳು ಬಿಚ್ಚದೇ ಬಿದ್ದಿದ್ದವು. ಎಸೆದರೆ ಯಾರಾದರೂ ಕಂಡಾರು, ಅನ್ನ ಕೊಟ್ಟವರಿಗೆ ಅವಮಾನವಾದೀತು ಎಂದು ಅವಳು ಅವನ್ನು ಬಚ್ಚಿಟ್ಟಿದ್ದಳು. ರಾತ್ರಿ ಊಟಕ್ಕೆ ಆಲೂಗಡ್ಡೆ ಮಾತ್ರ ಬಡಿಸಿಕೊಂಡು, ‘ಇನ್ನೂ ಬೇಕೇ’ ಎಂದು ಕೇಳಿದರೆ ಬೇಡ ಎನ್ನುತ್ತಿದ್ದಳು. ನಮ್ಮ ಕಡೆ ಬೇಡವೆಂದವರಿಗೆ ಎರಡು ಸಲ ಒತ್ತಾಯ ಮಾಡಿ ಮೂರನೆಯ ಸಲ ಬಡಿಸಿಯೇಬಿಡುತ್ತೇವೆ. ಅಲ್ಲಿ ಬೇಡವೆಂದರೆ ಬೇಡವೆಂದೇ ಅರ್ಥ. ಒತ್ತಾಯ ಮಾಡುವುದು ಮರ್ಯಾದೆಯಲ್ಲ.

ಆ ತಾಯಿ ತಮ್ಮ ಕ್ಲಬ್ಬಿನ ಸಲಹೆಗಾರರಿಗೆ ಬರೆದ ಮಿಂಚಂಚೆ ಇಲ್ಲಿಯ ಕ್ಲಬ್ಬಿಗೆ ಬಂದು, ಅಲ್ಲಿಂದ ನನ್ನ ಕೈಗೆ ಬಂತು. ಅದರಲ್ಲಿ ಸಿಟ್ಟು ಇರಲಿಲ್ಲ, ನೋವಿತ್ತು. ಹುಡುಗಿಗೆ ತಮ್ಮ ಮನೆಯೇ ಇಷ್ಟವಿಲ್ಲವೇನೋ ಎಂದು ಅವರು ದಿನವೂ ಯೋಚಿಸುತ್ತಿದ್ದರಂತೆ. ಒಂದೇ ಒಂದು ಸಾಲು ಮೊದಲೇ ಗೊತ್ತಿದ್ದರೆ ಅಡುಗೆಯನ್ನೇ ಬದಲಿಸುತ್ತಿದ್ದೆವು ಎಂದು ಬರೆದಿದ್ದರು. ಆ ರಾತ್ರಿ ನಾನು ಹುಡುಗಿಯೊಡನೆ ಫೋನಿನಲ್ಲಿ ಮಾತಾಡಿದೆ. ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅವಳು, “ಹೊಂದಿಕೊಳ್ತೀನಿ ಅಂತ ಬರೆದಾಗಿದೆಯಲ್ಲ ಟೀಚರ್, ಈಗ ಆಗೋದಿಲ್ಲ ಅಂದರೆ ನಿಮ್ಮ ಮಾತು ಸುಳ್ಳಾಗ್ತಿತ್ತು” ಎಂದಳು. ನನ್ನ ಸಹಿಯ ಮರ್ಯಾದೆ ಉಳಿಸಲು ಆ ಮಗು ಹಸಿದಿತ್ತು. ಮರುದಿನವೇ ಆ ತಾಯಿಗೆ ನೇರವಾಗಿ ಪತ್ರ ಬರೆದು, ತಿದ್ದಿಸಿದವಳು ನಾನೆಂದು ಒಪ್ಪಿಕೊಂಡೆ. ಅವಳ ಮೌನ ಅಸಡ್ಡೆಯಲ್ಲ, ನೋವಿನ ಗುರುತು ಎಂದೂ ತಿಳಿಸಿದೆ. ಮುಂದೆ ಅವಳ ವರ್ಷ ಒಳ್ಳೆಯದಾಗಿಯೇ ಸಾಗಿತು. ಡಿಸೆಂಬರಿನಲ್ಲಿ ಎಂಟೂವರೆಗೆ ಬೆಳಕು ಹರಿದು ಮೂರೂವರೆ ದಾಟುತ್ತಿದ್ದಂತೆ ಕತ್ತಲಾಗುವ ದಿನಗಳನ್ನೂ ಅವರ ಜೊತೆ ಮೇಣದಬತ್ತಿ ಹಚ್ಚಿಕೊಂಡು ಕಳೆದಳು.

ಅದೇ ವರ್ಷ ಬ್ರೆಜಿಲ್‌ನಿಂದ ಒಬ್ಬ ಹುಡುಗ ನಮ್ಮ ಕಡೆಯ ಅಡಿಕೆ ಬೆಳೆಗಾರರ ಮನೆಗೆ ಬಂದ. ಇಂಗ್ಲಿಷಿನಲ್ಲಿದ್ದ ಅವನ ಅರ್ಜಿಯನ್ನು ಮನೆಯವರಿಗೆ ಓದಿ ಹೇಳಲು ನನ್ನನ್ನು ಕರೆಸಿದ್ದರು. ಅವನ ಶಿಕ್ಷಕಿ ಬರೆದ ಪುಟ ಓದುತ್ತ ನನ್ನ ದನಿ ತಾನಾಗಿ ಸಣ್ಣದಾಯಿತು. ಹುಡುಗ ಗಣಿತದಲ್ಲಿ ಹಿಂದೆ, ಹಾಲು ಕುಡಿದರೆ ಹೊಟ್ಟೆ ನೋಯುತ್ತದೆ, ಸಿಟ್ಟು ಬಂದರೆ ಬಾಗಿಲು ಹಾಕಿಕೊಳ್ಳುತ್ತಾನೆ, ಅರ್ಧ ಗಂಟೆ ಅವನ ಪಾಡಿಗೆ ಬಿಟ್ಟರೆ ತಾನೇ ಹೊರಗೆ ಬರುತ್ತಾನೆ, ನಾಯಿಗಳೆಂದರೆ ಪ್ರಾಣ. ಇಷ್ಟನ್ನು ಕೇಳಿದ ಮನೆಯೊಡತಿ ಅವನು ಬಂದ ದಿನ ಆಸರಿಗೆಂದು ಹಾಲು ಹಾಕದ ಕಷಾಯವನ್ನೇ ಮಾಡಿ ಕೊಟ್ಟರು, ನಾಯಿಯನ್ನು ಜಗುಲಿಗೆ ಬಿಟ್ಟರು. ಹತ್ತನೆಯ ದಿನ ಅವನು ಬಾಗಿಲು ಹಾಕಿಕೊಂಡಾಗ ಆ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ.

ಈಗ ನಾನು ಪುಟ ತುಂಬುವ ಮೊದಲು ಮಗುವಿನ ಮನೆಗೆ ಹೋಗಿ, ಅಡುಗೆಮನೆಯ ಬಾಗಿಲಲ್ಲಿ ಕುಳಿತು ತಾಯಿಯನ್ನೋ ಅಜ್ಜಿಯನ್ನೋ ಕೇಳುತ್ತೇನೆ. ಏನು ಬಿಟ್ಟು ಏಳುತ್ತದೆ, ಯಾವುದಕ್ಕೆ ಅಳುತ್ತದೆ, ಅತ್ತರೆ ಎಷ್ಟು ಹೊತ್ತಿಗೆ ಸರಿಹೋಗುತ್ತದೆ. ಯುವ ವಿನಿಮಯದಲ್ಲಿ ‘ಮೊದಲ ರಾತ್ರಿಯ ಪ್ರಶ್ನೆಗಳು’ ಎಂಬ ಒಂದು ಪಟ್ಟಿ ಬಳಕೆಯಲ್ಲಿದೆ. ನಿಮ್ಮನ್ನು ಏನೆಂದು ಕರೆಯಲಿ, ಸ್ನಾನ ಯಾವ ಹೊತ್ತಿಗೆ, ಹಸಿವಾದರೆ ಕೇಳದೇ ತೆಗೆದುಕೊಳ್ಳಬಹುದೇ ಎಂಬಂಥ ಪ್ರಶ್ನೆಗಳನ್ನು ಮಗು ಹೊಸ ಮನೆಯವರ ಜೊತೆ ಕುಳಿತು ಕೇಳಬೇಕು. ಅದನ್ನು ನಾವು ಇಲ್ಲಿಯೇ ನಾಲ್ಕಾರು ಸಲ ಆಡಿಸಿ ಅಭ್ಯಾಸ ಮಾಡಿಸುತ್ತೇವೆ. ‘ಬೇಡ’ ಎಂಬ ಮಾತಿನ ಜೊತೆಗೆ ಕಾರಣವನ್ನೂ ಹೇಳುವುದನ್ನು ಕಲಿಸುತ್ತೇವೆ. ನಮ್ಮ ಮಕ್ಕಳಿಗೆ ಇಂಗ್ಲಿಷಿಗಿಂತ ಕಷ್ಟವಾಗುವುದು ಇದು. ಕೊನೆಗೆ, ನಾನು ಬರೆದದ್ದನ್ನು ಸಹಿಗೆ ಮೊದಲು ಮಗು ಮತ್ತು ಪಾಲಕರ ಎದುರು ಕನ್ನಡದಲ್ಲಿ ಓದಿ ಹೇಳುತ್ತೇನೆ.

ಕಳೆದ ಸಲ ಕುಮಟಾ ಕಡೆಯಿಂದ ಬಂದು ಇಲ್ಲಿ ಅಜ್ಜನ ಮನೆಯಲ್ಲಿ ಓದುತ್ತಿದ್ದ ಒಬ್ಬ ಹುಡುಗನ ಸರದಿ. ಅವನಿಗೆ ಮಾತು ತೊದಲುತ್ತದೆ, ಅದರಲ್ಲೂ ಫೋನಿನಲ್ಲಿ ಬಹಳ. ಅದನ್ನು ಬರೆದು ಓದಿ ಹೇಳಿದಾಗ ತಂದೆ ಬಹಳ ಹೊತ್ತು ಸುಮ್ಮನಿದ್ದು, “ಅಕ್ಕೋರೇ, ಇದನ್ನೆಲ್ಲ ಬರೆದರೆ ಅವರು ಹುಡುಗ ಬೇಡ ಅನ್ನೋದಿಲ್ವಾ?” ಎಂದು ಕೇಳಿದರು. ಅವರಿಗೆ ಕೊಡಲು ನನ್ನಲ್ಲಿ ಭರವಸೆ ಇರಲಿಲ್ಲ, ಆ ಡೆನ್ಮಾರ್ಕಿನ ಕಥೆಯಷ್ಟೇ ಇತ್ತು. ಅದನ್ನು ಪೂರ್ತಿ ಹೇಳಿದೆ. ಅವರು ಹುಡುಗನ ಮುಖ ನೋಡಿದರು. ಹುಡುಗ, “ಇರಲಿ, ಬರೀರಿ” ಎಂದ. ಎರಡು ತಿಂಗಳಾದ ಮೇಲೆ ಅಲ್ಲಿಯ ಮನೆಯವರಿಂದ ಅವನ ಹೆಸರಿಗೇ ಒಂದು ಕಾಗದ ಬಂತು. ಕೈಬರಹದ್ದು, ಎರಡು ಪುಟ, ಜೊತೆಗೆ ಅವನ ಕೋಣೆಯ ಫೋಟೋ. ನಿನಗೆ ಫೋನ್ ಮಾಡುವುದಿಲ್ಲ, ನೀನು ಬರುವವರೆಗೆ ಹೀಗೆಯೇ ಬರೆಯುತ್ತಿರುತ್ತೇವೆ, ನೀನೂ ಬರೆ ಎಂದು ಅದರ ಮೊದಲ ಸಾಲಿನಲ್ಲೇ ಇತ್ತು.