ಗಾಂಜಾ ಔಷಧಿಗೆ ಕಾರ್ಡ್ ಇಲ್ಲ. ಚೀಟಿ, ಬಿಲ್ಲು, ಲೇಬಲ್ಲು ಇದ್ದರೆ ಸಾಕೇ?

ಕರ್ನಾಟಕ ಸರ್ಕಾರ 'ವೈದ್ಯಕೀಯ ಗಾಂಜಾ ಕಾರ್ಡ್' ಎಂಬುದನ್ನು ಯಾರಿಗೂ ಕೊಡುವುದಿಲ್ಲ. ಕೇಂದ್ರವೂ ಕೊಡುವುದಿಲ್ಲ. ಆಧಾರ್ ಮತ್ತು ಫೋಟೊ ಕಳಿಸಿ, ದುಡ್ಡು ಕಟ್ಟಿ, ಕಾರ್ಡ್ ಮನೆಗೇ ಬರುತ್ತದೆ ಎಂದು ಯಾರಾದರೂ ವಾಟ್ಸಾಪಿನಲ್ಲಿ ಹೇಳಿದರೆ ನಿಮಗೆ ಸಿಗುವುದು ಬರೀ ಪ್ಲಾಸ್ಟಿಕ್ ತುಂಡು. ಪೊಲೀಸರ ಮುಂದೆ ಅದನ್ನು ತೋರಿಸಿದರೆ ಕೇಸು ಇನ್ನಷ್ಟು ಗಟ್ಟಿಯಾಗುತ್ತದೆ.

ಕೊಡಗಿನಲ್ಲಿ ಈ ಗೊಂದಲ ಯಾಕೆ ಹುಟ್ಟುತ್ತದೆ ಎಂಬುದು ಅರ್ಥವಾಗುವಂಥದ್ದೇ. ಕೋವಿ ಲೈಸೆನ್ಸಿನಿಂದ ವಿನಾಯಿತಿ ಪತ್ರ ಪಡೆದು ರೂಢಿಯಿರುವ ಜಿಲ್ಲೆ ನಮ್ಮದು. ಪತ್ರ ಒಂದಿದ್ದರೆ ಎಲ್ಲ ಸಲೀಸು ಅನ್ನಿಸುತ್ತದೆ. ಜೊತೆಗೆ ಅಮೆರಿಕದಲ್ಲಿರುವ ಮಕ್ಕಳು ಅಲ್ಲಿನ ಕಾರ್ಡಿನ ಕಥೆ ಹೇಳುತ್ತಾರೆ. ಅಲ್ಲಿ ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದ್ದನ್ನೇ ನೋಡಿ: 1996ರಲ್ಲಿ ಮತದಾರರು ವೈದ್ಯಕೀಯ ಬಳಕೆಗೆ ಒಪ್ಪಿದರು, 2003ರ ಕಾನೂನು ಕಾರ್ಡ್ ತಂದಿತು. ವೈದ್ಯರ ಶಿಫಾರಸು ಪತ್ರ, ಗುರುತಿನ ಚೀಟಿ, ವಾಸದ ದಾಖಲೆ ಹಿಡಿದು ಕೌಂಟಿಯ ಆರೋಗ್ಯ ಇಲಾಖೆಗೆ ಅರ್ಜಿ ಹಾಕಬೇಕು. ಶುಲ್ಕ 100 ಡಾಲರ್ ದಾಟುವಂತಿಲ್ಲ, ಕಾರ್ಡಿನ ಅವಧಿ ಒಂದು ವರ್ಷ. ಅಲ್ಲಿಯೂ ಕಾರ್ಡ್ ಕಡ್ಡಾಯವಲ್ಲ. ಮಾರಾಟ ತೆರಿಗೆ ಉಳಿಯುತ್ತದೆ ಎಂಬುದು ಅದರ ದೊಡ್ಡ ಲಾಭ. ಆ ಕಾರ್ಡ್ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಅಥವಾ ಕಣ್ಣೂರಿನಲ್ಲಿ ಇಳಿದ ಕ್ಷಣಕ್ಕೆ ಕೆಲಸಕ್ಕೆ ಬಾರದ್ದು. ಅಲ್ಲಿಂದ ತಂದ ಗಮ್ಮಿ, ವೇಪ್, ಎಣ್ಣೆ ಇಲ್ಲಿ ಮಾದಕ ವಸ್ತುವಿನ ಆಮದು ಎನಿಸುತ್ತದೆ. ಮಗ ಪ್ರೀತಿಯಿಂದ ಅಮ್ಮನ ಮಂಡಿನೋವಿಗೆಂದು ತಂದದ್ದಾದರೂ ಅಷ್ಟೇ.

ನಮ್ಮಲ್ಲಿ ಇರುವುದು ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ. ಇದನ್ನು ಓದುವವರು ಎಡವುವುದು 8ನೇ ಕಲಮಿನಲ್ಲಿ. 'ವೈದ್ಯಕೀಯ ಅಥವಾ ವೈಜ್ಞಾನಿಕ ಉದ್ದೇಶ'ಕ್ಕೆ ವಿನಾಯಿತಿ ಇದೆ ಎಂದು ಅರ್ಧ ಸಾಲು ಓದಿ ನಿಲ್ಲಿಸುತ್ತಾರೆ. ಉಳಿದರ್ಧ ಹೇಳುವುದೇನೆಂದರೆ, ಆ ಉದ್ದೇಶಕ್ಕೂ ಕಾಯ್ದೆ ಮತ್ತು ನಿಯಮ ಹೇಳಿದ ರೀತಿಯಲ್ಲೇ, ಲೈಸೆನ್ಸ್ ಬೇಕಾದಲ್ಲಿ ಲೈಸೆನ್ಸ್ ಪಡೆದೇ ನಡೆಯಬೇಕು. ನಿಮಗೆ ಕ್ಯಾನ್ಸರ್ ಇದೆ ಎಂಬ ಕಾರಣಕ್ಕೆ ಕೈಯಲ್ಲಿರುವ ಗಾಂಜಾ ಔಷಧಿಯಾಗುವುದಿಲ್ಲ.

ಕಾಯ್ದೆ ನೋಡುವುದು ಗಿಡದ ಯಾವ ಭಾಗ ಎಂಬುದನ್ನು. ಗಿಡದಿಂದ ತೆಗೆದ ಅಂಟು ಚರಸ್. ಹೂಬಿಟ್ಟ ಅಥವಾ ಕಾಯಿಕಟ್ಟಿದ ತುದಿ ಗಾಂಜಾ. ತುದಿಯ ಜೊತೆ ಇಲ್ಲದ ಬರೀ ಎಲೆ, ಬರೀ ಬೀಜ ಗಾಂಜಾದ ವ್ಯಾಖ್ಯೆಯಿಂದ ಹೊರಗೆ. ಇದೇ ಆಧಾರದ ಮೇಲೆ 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಆದೇಶದಲ್ಲಿ, ಎಲೆಯಿಂದ ಮಾಡುವ ಭಾಂಗ್ ಈ ಕಾಯ್ದೆಯಡಿ ನಿಷಿದ್ಧವಲ್ಲ ಎಂದಿತು. ಪತ್ರಿಕೆಯಲ್ಲಿ ಅದನ್ನು ಓದಿ 'ಭಾಂಗ್ ಫ್ರೀ' ಎಂದುಕೊಂಡವರು ಎರಡು ವಿಷಯ ಮರೆತರು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಮಾದಕ ವಸ್ತುಗಳ ವ್ಯಾಖ್ಯೆಯಲ್ಲಿ ಭಾಂಗ್ ಇದೆ, ಅಬಕಾರಿಯವರು ಆ ಕಾಯ್ದೆಯಡಿ ಹಿಡಿಯಬಹುದು. ಎರಡನೆಯದು ಇನ್ನೂ ಮುಖ್ಯ: ಎಲೆ ವ್ಯಾಖ್ಯೆಯ ಹೊರಗಿದ್ದರೂ ಎಲೆ ಬಿಡುವ ಗಿಡ ಬೆಳೆಸುವುದು ಅಪರಾಧ.

ತೋಟದವರು ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕು. ಗಾಂಜಾ ಸಾಗುವಳಿಗೆ 20(ಎ) ಕಲಮಿನಡಿ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಕೈಯಲ್ಲಿಟ್ಟುಕೊಂಡ ಗಾಂಜಾಕ್ಕೆ ಇರುವ 'ಸಣ್ಣ ಪ್ರಮಾಣ' ಎಂಬ ರಿಯಾಯಿತಿ ಸಾಗುವಳಿಗೆ ಇಲ್ಲ. ಹಿತ್ತಲಿನ ಕುಂಡದ ಒಂದು ಗಿಡಕ್ಕೂ ಇದೇ ಕಲಂ. ಕಾಫಿ ಗಿಡಗಳ ನಡುವೆ, ಕಾರ್ಮಿಕರ ಲೈನ್ ಮನೆಯ ಹಿಂದಿನ ತಿಪ್ಪೆಯ ಪಕ್ಕ ಯಾರೋ ನೆಟ್ಟದ್ದು ಸಿಲ್ವರ್ ಓಕಿನ ಮರೆಯಲ್ಲಿ ಕಣ್ಣಿಗೆ ಬೀಳದೇ ಬೆಳೆಯಬಹುದು. ನಿಮ್ಮ ಜಾಗದಲ್ಲಿ ಅಂಥ ಗಿಡ ಇರುವುದು ಗೊತ್ತಾದ ಕೂಡಲೇ ತಿಳಿಸುವುದು 46ನೇ ಕಲಮಿನ ಪ್ರಕಾರ ಜಮೀನು ಹೊಂದಿದವರ ಕರ್ತವ್ಯ. ಗೊತ್ತಿದ್ದೂ ಸುಮ್ಮನಿದ್ದರೆ ಶಿಕ್ಷೆ. ಗೊತ್ತಿದ್ದೂ ಜಾಗ ಬಳಸಲು ಬಿಟ್ಟರೆ 25ನೇ ಕಲಂ. ತೋಟದ ಗುಮಾಸ್ತ ರೈಟರ್ ಬಂದು ಹೇಳಿದರೆ ಗಿಡ ಕಿತ್ತು ಸುಟ್ಟುಬಿಡಿ ಎನ್ನಬೇಡಿ. ಹಾಗೆ ಮಾಡಿದರೆ ಸಾಕ್ಷ್ಯ ನಾಶದ ಆರೋಪ ನಿಮ್ಮ ಮೇಲೆಯೇ ಬರಬಹುದು. ಠಾಣೆಗೆ ಅಥವಾ ಮಡಿಕೇರಿಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಪೊಲೀಸರಿಗೆ ಬರವಣಿಗೆಯಲ್ಲಿ ತಿಳಿಸಿ, ಒಂದು ಪ್ರತಿಗೆ ಸ್ವೀಕೃತಿ ಹಾಕಿಸಿಕೊಳ್ಳಿ.

ಹಾಗಾದರೆ ರೋಗಿಗೆ ಕಾನೂನುಬದ್ಧ ದಾರಿ ಯಾವುದು? ಆಯುರ್ವೇದ. ಶಾಸ್ತ್ರದಲ್ಲಿ ಭಂಗಾ ಅಥವಾ ವಿಜಯಾ ಎಂಬ ಹೆಸರಿನ ಇದು ಔಷಧ ನಿಯಮಾವಳಿಯ ಇ(1) ಅನುಸೂಚಿಯಲ್ಲಿ, ಅಂದರೆ ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲಿ, ಬೀಜ ಬಿಟ್ಟು ಸೇರಿದೆ. ಜಾತೀಫಲಾದಿ ಚೂರ್ಣದಂಥ ಹಳೆಯ ಯೋಗಗಳಲ್ಲಿ ಇದು ಇದೆ. ಈಚೆಗೆ ಎಲೆಯ ಸಾರದ ಎಣ್ಣೆಗಳೂ ಬಂದಿವೆ. ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ಉಣ್ಣುವ ನಾವು 'ಸೊಪ್ಪು ತಾನೇ' ಎಂದು ಹಗುರವಾಗಿ ತೆಗೆದುಕೊಳ್ಳುವ ಅಪಾಯ ಇದೆ. ವಿಷದ ಪಟ್ಟಿಯಲ್ಲಿರುವ ಸೊಪ್ಪು ಇದು.

ಮೊದಲು ವೈದ್ಯರು. ಆಯುರ್ವೇದ ಪದವಿ ಬಿಎಎಂಎಸ್ ಓದಿ ನೋಂದಣಿ ಮಾಡಿಸಿದವರೇ ಆಗಬೇಕು. ನಾಟಿ ವೈದ್ಯರು ಎಷ್ಟೇ ಕೈಗುಣದವರಾಗಿರಲಿ, ಅವರು ಪೊಟ್ಟಣ ಕಟ್ಟಿ ಕೊಟ್ಟ ಪುಡಿಗೆ ಕಾನೂನಿನ ರಕ್ಷಣೆ ಇಲ್ಲ. ನೋಂದಣಿಯ ಬಗ್ಗೆ ಅನುಮಾನ ಇದ್ದರೆ ಜಿಲ್ಲಾ ಆಯುಷ್ ಕಚೇರಿಯಲ್ಲಿ ಕೇಳಿ. ಆನ್‌ಲೈನ್ ಸಮಾಲೋಚನೆಯಲ್ಲಿ ಐದು ನಿಮಿಷದಲ್ಲಿ ಚೀಟಿ ಬರುತ್ತದೆ, ನಿಜ. ಆದರೆ ನೀವು ನುಂಗುತ್ತಿರುವ ಬೇರೆ ಮಾತ್ರೆಗಳ ಹೆಸರು ಕೇಳದೆ ಬರೆದ ಚೀಟಿಯನ್ನು ನಾನಂತೂ ಚೀಟಿ ಎನ್ನಲಾರೆ. ರೋಗಿಯ ಹೆಸರು, ವಯಸ್ಸು, ವಿಳಾಸ, ರೋಗ, ಔಷಧಿಯ ಪೂರ್ತಿ ಹೆಸರು, ಪ್ರಮಾಣ, ಎಷ್ಟು ದಿನಕ್ಕೆ, ವೈದ್ಯರ ನೋಂದಣಿ ಸಂಖ್ಯೆ, ದಿನಾಂಕ, ಸಹಿ ಇಷ್ಟೂ ಇರಲಿ. ಸಾಮಾನ್ಯವಾಗಿ ಬಿಟ್ಟುಹೋಗುವುದು 'ಎಷ್ಟು ದಿನಕ್ಕೆ' ಎಂಬುದು. ಅದಿಲ್ಲದಿದ್ದರೆ ಮನೆಯಲ್ಲಿ ಆರು ಬಾಟಲಿ ಯಾಕಿದೆ ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಆಮೇಲೆ ಬಾಟಲಿ. ಓದುವ ಕನ್ನಡಕ ಹಾಕಿಕೊಂಡೇ ನೋಡಿ. ತಯಾರಕರ ಆಯುರ್ವೇದ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ದಿನ, ಅವಧಿ ಮುಗಿಯುವ ದಿನ ಇರಬೇಕು. ಒಳಗೆ ಸೇವಿಸುವ ಔಷಧಿಯಾದರೆ 'ಕಾಷನ್: ಟು ಬಿ ಟೇಕನ್ ಅಂಡರ್ ಮೆಡಿಕಲ್ ಸೂಪರ್‌ವಿಷನ್' ಎಂಬ ಎಚ್ಚರಿಕೆ ಇಂಗ್ಲಿಷ್ ಮತ್ತು ಹಿಂದಿ ಎರಡರಲ್ಲೂ ಎದ್ದು ಕಾಣುವಂತೆ ಇರಬೇಕೆಂದು 161ನೇ ನಿಯಮ ಹೇಳುತ್ತದೆ. ಅದಿಲ್ಲದ ಬಾಟಲಿ ಕೊಳ್ಳಬೇಡಿ. ಘಟಕಗಳ ಸಾಲಿನಲ್ಲಿ 'ವಿಜಯಾ' ಎಂದಷ್ಟೇ ಅಲ್ಲ, 'ಪತ್ರ' ಅಥವಾ ಎಲೆ ಎಂದು ಗಿಡದ ಭಾಗವೂ ಇರಲಿ. ಪೊಲೀಸರು ಸ್ಥಳದಲ್ಲೇ ಮಾಡುವ ಬಣ್ಣದ ಪರೀಕ್ಷೆ ಗಾಂಜಾ ಗಿಡದ ಅಂಶ ಇದೆ ಎಂದಷ್ಟೇ ತೋರಿಸುತ್ತದೆ. ಎಣ್ಣೆಯಲ್ಲಿ ಕರಗಿದ ಸಾರ ಎಲೆಯದೋ ಹೂವಿನದೋ ಎಂಬುದನ್ನು ಅದು ಹೇಳುವುದಿಲ್ಲ. ಆಗ ನಿಮ್ಮ ಪರವಾಗಿ ಮಾತಾಡುವುದು ಲೇಬಲ್ ಮತ್ತು ಬಿಲ್ ಮಾತ್ರ.

ಜನ ಹೆಚ್ಚು ತಪ್ಪುವುದು ಅಂಕಿಯಲ್ಲಿ. 30 ಮಿ.ಲೀ. ಬಾಟಲಿಯ ಮೇಲೆ 1500 ಮಿ.ಗ್ರಾಂ. ಎಂದಿದ್ದರೆ ಒಂದು ಮಿ.ಲೀ.ನಲ್ಲಿ 50 ಮಿ.ಗ್ರಾಂ. ಆಯಿತು. ಆದರೆ ಯಾವುದರ 50? ಹೆಚ್ಚಿನ ಲೇಬಲ್‌ಗಳಲ್ಲಿ ಅದು ಒಟ್ಟು ಸಾರದ ತೂಕ. ಅಮಲು ಬರಿಸುವ ಟಿಎಚ್‌ಸಿ ಅದರಲ್ಲಿ ಎಷ್ಟು, ಅಮಲು ಬರಿಸದ ಸಿಬಿಡಿ ಎಷ್ಟು ಎಂಬುದು ಆ ಬ್ಯಾಚಿನ ಲ್ಯಾಬ್ ವರದಿಯಲ್ಲಿ ಮಾತ್ರ ಸಿಗುತ್ತದೆ. ವರದಿ ಕೇಳಿ ಪಡೆಯಿರಿ. ಅದರ ಬ್ಯಾಚ್ ಸಂಖ್ಯೆ ಬಾಟಲಿಯದಕ್ಕೆ ತಾಳೆಯಾಗಬೇಕು. ಹನಿ ಲೆಕ್ಕವನ್ನೂ ನಂಬಬೇಡಿ. ಒಂದು ಮಿ.ಲೀ.ಗೆ 20 ಹನಿ ಎಂಬುದು ನೀರಿನ ಲೆಕ್ಕ, ಎಣ್ಣೆಯ ಹನಿ ಡ್ರಾಪರಿಗೆ ತಕ್ಕಂತೆ ಬದಲಾಗುತ್ತದೆ. ಮಿ.ಲೀ. ಗೆರೆ ಇರುವ ಡ್ರಾಪರ್ ಬಳಸಿ. ಟಿಎಚ್‌ಸಿ ಇರುವುದಾದರೆ ಮೊದಲ ಸಲ ಸಾಮಾನ್ಯವಾಗಿ 2.5 ಮಿ.ಗ್ರಾಂ. ಅಥವಾ ಅದಕ್ಕೂ ಕಡಿಮೆ, ರಾತ್ರಿ ಹೊತ್ತು. ನುಂಗಿದ್ದು ಹತ್ತಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. 'ಏನೂ ಆಗಲಿಲ್ಲ' ಎಂದು ಮುಕ್ಕಾಲು ಗಂಟೆಗೆ ಇನ್ನೊಂದು ಡೋಸ್ ಹಾಕಿಕೊಳ್ಳುವವರೇ ನಡುರಾತ್ರಿ ಎದೆ ಹೊಡೆದುಕೊಂಡು ಆಸ್ಪತ್ರೆಗೆ ಓಡುವವರು.

ಸಿಬಿಡಿ ಜೊತೆಗೆ ಕೆಲವು ಮಾತ್ರೆ ಹೊಂದುವುದಿಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಏರಬಹುದು. ಮೂರ್ಛೆರೋಗಕ್ಕೆ ಕ್ಲೋಬಜಾಮ್ ಇದ್ದರೆ ಮಂಪರು ಹೆಚ್ಚುತ್ತದೆ, ವಾಲ್‌ಪ್ರೊಯೇಟ್ ಇದ್ದರೆ ಲಿವರ್ ಪರೀಕ್ಷೆ ಮಾಡಿಸುತ್ತಿರಬೇಕು. ಗರ್ಭಿಣಿಯರು, ಹೃದ್ರೋಗಿಗಳು, ಮನೆತನದಲ್ಲಿ ಸ್ಕಿಜೋಫ್ರೇನಿಯಾ ಇರುವವರು ಟಿಎಚ್‌ಸಿಯಿಂದ ದೂರ ಇರುವುದೇ ಸರಿ. ಸೈನ್ಯದಲ್ಲಿರುವವರಿಗೆ, ಗಲ್ಫ್ ಕೆಲಸಕ್ಕೆ ಮೆಡಿಕಲ್ ಕೊಡುವವರಿಗೆ ಇನ್ನೊಂದು ತೊಡಕು: ಮೂತ್ರ ಪರೀಕ್ಷೆ ಚೀಟಿ ನೋಡಿ ಫಲಿತಾಂಶ ಕೊಡುವುದಿಲ್ಲ. ವಾಹನದ್ದೂ ಹಾಗೆಯೇ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಮದ್ಯಕ್ಕಷ್ಟೇ ಅಲ್ಲ, ಮಾದಕ ದ್ರವ್ಯಕ್ಕೂ ಅನ್ವಯ.

ಪ್ರಯಾಣದಲ್ಲಿ ಮೂಲ ಬಾಟಲಿಯಲ್ಲೇ ಒಯ್ಯಿರಿ, ಚೀಟಿ ಮತ್ತು ಬಿಲ್ ಮುದ್ರಿತ ಪ್ರತಿ ಜೊತೆಗಿರಲಿ. ಕುಟ್ಟ ಅಥವಾ ಮಾಕುಟ್ಟ ದಾಟಿ ಕೇರಳಕ್ಕೆ ಚಿಕಿತ್ಸೆಗೆ ಹೋಗುವವರು ಬಹಳ. ಅಲ್ಲಿ ಅಬಕಾರಿ ತಪಾಸಣೆ ಕಟ್ಟುನಿಟ್ಟು, ಮಳೆಗಾಲದಲ್ಲಿ ಮಾಕುಟ್ಟ ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಿಕೊಂಡು ಪಿಡಿಎಫ್ ತೋರಿಸುತ್ತೇನೆ ಎಂದರೆ ಆಗದು. ಸಣ್ಣ ಶೀಶೆಗೆ ಸುರಿದುಕೊಂಡು ಹೋಗುವುದು ಎಲ್ಲಕ್ಕಿಂತ ದೊಡ್ಡ ತಪ್ಪು: ಲೇಬಲ್ ಇಲ್ಲದ ಹಸಿರುಗಪ್ಪು ಎಣ್ಣೆ ನೋಡುವವರ ಕಣ್ಣಿಗೆ ಹಶೀಶ್ ಎಣ್ಣೆ, ಕಾನೂನಿನಲ್ಲಿ ಅದು ಚರಸ್ ಸಾಲಿಗೆ ಸೇರಿದ್ದು. ಗಾಂಜಾಕ್ಕೆ ಸಣ್ಣ ಪ್ರಮಾಣ 1 ಕಿಲೊ, ವಾಣಿಜ್ಯ ಪ್ರಮಾಣ 20 ಕಿಲೊ. ಚರಸ್‌ಗೆ 100 ಗ್ರಾಂ ಮತ್ತು 1 ಕಿಲೊ. ತೂಗುವಾಗ ಬೆರೆಸಿದ ಎಣ್ಣೆ, ಬೆಲ್ಲ ಎಲ್ಲವೂ ಸೇರಿ ಒಟ್ಟು ತೂಕವೇ ಲೆಕ್ಕ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಣ್ಣ ಪ್ರಮಾಣಕ್ಕೂ ಒಂದು ವರ್ಷದವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೈ ತಪಾಸಣೆ ಮಾಡುವ ಮುನ್ನ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಮಾಡಿ ಎಂದು ಕೇಳುವ ಹಕ್ಕು 50ನೇ ಕಲಮಿನಲ್ಲಿದೆ. ಜಗಳವಾಡದೆ ಕೇಳಿ, ಮಹಜರಿನಲ್ಲಿ ಬಾಟಲಿಯ ಬ್ಯಾಚ್ ಸಂಖ್ಯೆ ಬರೆಸಿ.

ಅಂಗಡಿಯಲ್ಲಿ ಸಿಗುವ ಹೆಂಪ್ ಬೀಜ, ಬೀಜದ ಎಣ್ಣೆ ಬೇರೆಯೇ ವಿಷಯ. 2021ರಿಂದ ಅದಕ್ಕೆ ಆಹಾರವೆಂದು ಮಾನ್ಯತೆ ಇದೆ. ನೋವಿಗೆ ಅದರಿಂದ ಏನೂ ಆಗುವುದಿಲ್ಲ, ಚಟ್ನಿಪುಡಿಗೆ ಹಾಕಿಕೊಳ್ಳಬಹುದು.

ಕೊನೆಯದಾಗಿ ಕ್ಯಾನ್ಸರ್ ನೋವು. ಗಾಂಜಾ ಎಣ್ಣೆ ಹುಡುಕಿಕೊಂಡು ಬರುವ ಮನೆಯವರಲ್ಲಿ ಬಹಳ ಜನಕ್ಕೆ ನಿಜವಾಗಿ ಬೇಕಿರುವುದು ಮಾರ್ಫಿನ್. ಅದಕ್ಕೆ ದಾರಿ ನೇರವಾಗಿಯೇ ಇದೆ. 2014ರ ತಿದ್ದುಪಡಿಯ ಬಳಿಕ ಮಾರ್ಫಿನ್, ಫೆಂಟನಿಲ್, ಮೆಥಡೋನ್ ಮುಂತಾದವು ಅತ್ಯಗತ್ಯ ಮಾದಕ ಔಷಧಿಗಳು. ರಾಜ್ಯ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ಆಸ್ಪತ್ರೆ ಅವನ್ನು ಇಟ್ಟುಕೊಂಡು ಕೊಡಬಹುದು. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಅಥವಾ ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ 'ಮಾನ್ಯತೆ ಇದೆಯೇ, ಮಾರ್ಫಿನ್ ಮಾತ್ರೆ ದಾಸ್ತಾನು ಇದೆಯೇ' ಎಂದು ಎರಡನ್ನೂ ಬಿಡಿಬಿಡಿಯಾಗಿ ಕೇಳಿ, ಮಾನ್ಯತೆ ಇದ್ದು ಮಾತ್ರೆ ಇಲ್ಲದಿರುವುದೂ ಉಂಟು. ಇಲ್ಲವಾದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಉಪಶಾಮಕ (ನೋವು ತಗ್ಗಿಸುವ) ಚಿಕಿತ್ಸೆಯ ವಿಭಾಗ ಇದೆ. ಹೋಗುವಾಗ ಬಯಾಪ್ಸಿ ವರದಿ, ಈಗಿನ ಮಾತ್ರೆಗಳ ಪಟ್ಟಿ, ರೋಗಿಯ ಮತ್ತು ಜೊತೆಗೆ ಬರುವವರ ಗುರುತಿನ ಚೀಟಿ ಒಯ್ಯಿರಿ. ಮಾರ್ಫಿನ್ ಬರೆದ ದಿನವೇ ಮಲಬದ್ಧತೆಗೂ ಔಷಧಿ ಬರೆಸಿಕೊಳ್ಳಿ. ಅದಿಲ್ಲದೆ ನಾಲ್ಕನೇ ದಿನ ಹೊಟ್ಟೆ ಕಟ್ಟಿಕೊಂಡಾಗ ಮನೆಯವರು ನಿಲ್ಲಿಸುವುದು ಮಾರ್ಫಿನ್ನನ್ನೇ, ಮತ್ತೆ ನೋವು ಶುರು.